ಮನಶ್ಶಾಸ್ತ್ರ ಟ್ರೈನಿಗಳಿಗೆ ದೂರದಿಂದಲೇ ಸೂಪರ್‌ವಿಷನ್: ನಡೆಯುವುದು ಹೇಗೆ, ಕಾನೂನು ಏನು ಹೇಳುತ್ತದೆ, ಹೊಣೆ ಯಾರದು?

ಶಸ್ತ್ರಚಿಕಿತ್ಸೆ ಕಲಿಯುವ ಕಿರಿಯ ವೈದ್ಯರ ಪಕ್ಕದಲ್ಲೇ ಹಿರಿಯ ಸರ್ಜನ್ ನಿಂತಿರುತ್ತಾರೆ. ಕೈ ತಪ್ಪಿದರೆ ಅಲ್ಲೇ ತಡೆಯುತ್ತಾರೆ. ಮಾತಿನ ಮೂಲಕ ಚಿಕಿತ್ಸೆ ನೀಡಲು ಕಲಿಯುತ್ತಿರುವ ಮನಶ್ಶಾಸ್ತ್ರ ಟ್ರೈನಿಯ ಸ್ಥಿತಿ ಬೇರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರುವುದು ಇಬ್ಬರೇ: ನೋವು ಹೇಳಿಕೊಳ್ಳಲು ಬಂದವರು ಮತ್ತು ಇನ್ನೂ ಕಲಿಯುತ್ತಿರುವವರು. ಅಲ್ಲಿ ಕೇಳಬೇಕಾದ ಪ್ರಶ್ನೆಯೊಂದು ಬಿಟ್ಟುಹೋದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ಈ ಕೊರತೆಯನ್ನು ತುಂಬುವ ವ್ಯವಸ್ಥೆಯೇ ಕ್ಲಿನಿಕಲ್ ಸೂಪರ್‌ವಿಷನ್, ಅಂದರೆ ಚಿಕಿತ್ಸಾ ಮೇಲ್ವಿಚಾರಣೆ. ಕೋವಿಡ್ ಬಂದ 2020ರ ನಂತರ ಇದರ ದೊಡ್ಡ ಪಾಲು ವಿಡಿಯೋ ಕರೆಗೆ ಸರಿಯಿತು. ಈಗ ಪುಣೆಯಲ್ಲಿ ಕೆಲಸ ಮಾಡುವ ಟ್ರೈನಿಗೆ ಬೆಂಗಳೂರಿನಲ್ಲಿರುವ ತಜ್ಞರು ಮಾರ್ಗದರ್ಶನ ನೀಡಬಹುದು. ಆದರೆ ಪರದೆಯ ಆಚೆ ಕುಳಿತ ಮೇಲ್ವಿಚಾರಕರಿಗೆ ನಿಜಕ್ಕೂ ಎಷ್ಟು ಕಾಣುತ್ತದೆ? ಅಪಾಯ ಎದುರಾದರೆ ಸ್ಥಳದಲ್ಲಿ ಯಾರಿರುತ್ತಾರೆ? ಮನಶ್ಶಾಸ್ತ್ರ ಓದುತ್ತಿರುವವರು, ಅವರ ಪೋಷಕರು ಮತ್ತು ಸಮಾಲೋಚನೆಗೆ ಹೋಗುವವರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಸೂಪರ್‌ವಿಷನ್ ಎಂದರೇನು?

ಟ್ರೈನಿ ತಾನು ನೋಡುತ್ತಿರುವ ಪ್ರಕರಣಗಳನ್ನು ನಿಗದಿತ ಸಮಯಕ್ಕೆ, ನಿಯಮಿತವಾಗಿ, ಅನುಭವಿ ತಜ್ಞರ ಮುಂದಿಟ್ಟು ಪರಿಶೀಲಿಸಿಕೊಳ್ಳುವುದೇ ಸೂಪರ್‌ವಿಷನ್. ಇದು ತರಗತಿಯ ಪಾಠವೂ ಅಲ್ಲ, ಕಚೇರಿಯಲ್ಲಿ ಮೇಲಧಿಕಾರಿ ಮಾಡುವ ಕೆಲಸದ ತಪಾಸಣೆಯೂ ಅಲ್ಲ.

ಬ್ರಿಟನ್ನಿನ ಬ್ರಿಜಿಡ್ ಪ್ರಾಕ್ಟರ್ 1980ರ ದಶಕದಲ್ಲಿ ಸೂಪರ್‌ವಿಷನ್ನಿನ ಕೆಲಸವನ್ನು ಮೂರು ಭಾಗವಾಗಿ ವಿವರಿಸಿದರು. ಈ ಕ್ಷೇತ್ರದಲ್ಲಿ ಇಂದಿಗೂ ಬಳಕೆಯಲ್ಲಿರುವ ವಿಂಗಡಣೆ ಅದು.

* ಕಲಿಸುವುದು: ರೋಗಲಕ್ಷಣ ಗುರುತಿಸುವುದು, ಪ್ರಶ್ನೆ ಕೇಳುವುದು, ಚಿಕಿತ್ಸೆಯ ಯೋಜನೆ ಹಾಕುವುದು ಮುಂತಾದ ಕೌಶಲ ಬೆಳೆಸುವುದು.
* ಕಾಯುವುದು: ಚಿಕಿತ್ಸೆಗೆ ಬಂದವರಿಗೆ ಹಾನಿಯಾಗದಂತೆ, ವೃತ್ತಿನೀತಿ ಮತ್ತು ಕಾನೂನು ಮೀರದಂತೆ ನೋಡಿಕೊಳ್ಳುವುದು.
* ಟ್ರೈನಿಗೆ ಆಸರೆಯಾಗುವುದು: ದಿನವಿಡೀ ಬೇರೆಯವರ ನೋವು ಕೇಳುವವರೂ ದಣಿಯುತ್ತಾರೆ. ಆ ಭಾರವನ್ನು ಇಳಿಸಿಕೊಳ್ಳಲು ಒಂದು ಜಾಗ ಬೇಕು.

ಈ ಮೂರರಲ್ಲಿ ಕಲಿಸುವುದು ಮತ್ತು ಆಸರೆಯಾಗುವುದು ವಿಡಿಯೋ ಕರೆಯಲ್ಲಿ ಹೆಚ್ಚು ತೊಂದರೆಯಿಲ್ಲದೆ ನಡೆಯುತ್ತವೆ. ನಡುವಿನ ‘ಕಾಯುವ’ ಕೆಲಸವೇ ದೂರದಿಂದ ಕಷ್ಟವಾಗುವುದು. ಹಾಗಾಗಿ ದೂರದ ಮೇಲ್ವಿಚಾರಣೆ ಚೆನ್ನಾಗಿದೆಯೇ ಎಂದು ಅಳೆಯಲು ಇಂಟರ್ನೆಟ್ ವೇಗವನ್ನಲ್ಲ, ಈ ಕಾಯುವ ಕೆಲಸ ಹೇಗೆ ನಡೆಯುತ್ತಿದೆ ಎಂಬುದನ್ನು ನೋಡಬೇಕು.

ಇದು ಕೋವಿಡ್ ಕಾಲದ ಆವಿಷ್ಕಾರವಲ್ಲ

ಮೇಲ್ವಿಚಾರಣೆಯಲ್ಲಿ ಪ್ರಕರಣ ನೋಡುವುದನ್ನು ಮನೋಚಿಕಿತ್ಸಾ ತರಬೇತಿಯ ಕಡ್ಡಾಯ ಭಾಗವಾಗಿಸಿದ ಹಿರಿಮೆ ಬರ್ಲಿನ್‌ಗೆ ಸೇರಬೇಕು. ಮ್ಯಾಕ್ಸ್ ಐಟಿಂಗನ್ ಮತ್ತು ಸಂಗಡಿಗರು 1920ರಲ್ಲಿ ಅಲ್ಲಿ ಆರಂಭಿಸಿದ ಮನೋವಿಶ್ಲೇಷಣಾ ಚಿಕಿತ್ಸಾಲಯದ ತರಬೇತಿಯಲ್ಲಿ ಮೂರು ಅಂಗಗಳು ರೂಪುಗೊಂಡವು: ಸ್ವತಃ ವಿಶ್ಲೇಷಣೆಗೆ ಒಳಗಾಗುವುದು, ಸಿದ್ಧಾಂತ ಓದುವುದು ಮತ್ತು ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವುದು.

ಅದೇ ಕಾಲಕ್ಕೆ ಕೋಲ್ಕತ್ತಾದಲ್ಲಿ ಗಿರೀಂದ್ರಶೇಖರ ಬೋಸ್ ಅಂಥ ಯಾವ ಸಂಸ್ಥೆಯ ಬೆಂಬಲವೂ ಇಲ್ಲದೆ ಮನೋವಿಶ್ಲೇಷಣೆ ನಡೆಸುತ್ತಿದ್ದರು. 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಅವರು ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಜತೆ ಪತ್ರದ ಮೂಲಕವೇ ವಿಚಾರ ವಿನಿಮಯ ಮಾಡುತ್ತಿದ್ದರು. ಅದನ್ನು ಇಂದಿನ ಅರ್ಥದಲ್ಲಿ ಸೂಪರ್‌ವಿಷನ್ ಎನ್ನಲಾಗದು. ಆದರೆ ದೂರದ ಹಿರಿಯರೊಂದಿಗೆ ಕೆಲಸದ ಬಗ್ಗೆ ಚರ್ಚಿಸುವ ಅಗತ್ಯ ಭಾರತದಲ್ಲಿ ಈ ವಿದ್ಯೆಯಷ್ಟೇ ಹಳೆಯದು ಎಂಬುದಕ್ಕೆ ಇದು ಸಾಕ್ಷಿ.

ಮುಂದಿನ ದೊಡ್ಡ ಹೆಜ್ಜೆ ಧ್ವನಿಮುದ್ರಣ. ಅಮೆರಿಕದ ಕಾರ್ಲ್ ರೋಜರ್ಸ್ 1942ರ ತಮ್ಮ ಪುಸ್ತಕದಲ್ಲಿ ಒಂದು ಪ್ರಕರಣದ ಪೂರ್ತಿ ಸಂಭಾಷಣೆಯನ್ನು ಧ್ವನಿಮುದ್ರಿಕೆಯಿಂದ ಬರೆದು ಪ್ರಕಟಿಸಿದರು. ಮುಚ್ಚಿದ ಬಾಗಿಲಿನ ಹಿಂದಿನ ಮಾತು ಮೊದಲ ಬಾರಿಗೆ ಇದ್ದ ಹಾಗೆಯೇ ಬೇರೆಯವರಿಗೆ ಸಿಗುವಂತಾಯಿತು.

ಟಿವಿ ಪರದೆಯ ಬಳಕೆಯೂ ಹಳೆಯದೇ. ನೆಬ್ರಾಸ್ಕಾ ಮನೋವೈದ್ಯಕೀಯ ಸಂಸ್ಥೆಯಲ್ಲಿ ಸೆಸಿಲ್ ವಿಟ್ಸನ್ ತಂಡ 1959ರಲ್ಲಿ ಎರಡೂ ಕಡೆ ಕಾಣುವ ಟಿವಿ ಸಂಪರ್ಕವನ್ನು ಬೋಧನೆ ಮತ್ತು ಚಿಕಿತ್ಸೆಗೆ ಬಳಸಿತು. 1964ರಲ್ಲಿ ಸುಮಾರು 180 ಕಿ.ಮೀ. ದೂರದ ನಾರ್‌ಫೋಕ್ ಸರ್ಕಾರಿ ಆಸ್ಪತ್ರೆಗೂ ಈ ಸಂಪರ್ಕ ಕಲ್ಪಿಸಿ, ಅಲ್ಲಿನ ಸಿಬ್ಬಂದಿಗೆ ತರಬೇತಿ ಮತ್ತು ಸಲಹೆ ನೀಡಲಾಯಿತು.

ಕರ್ನಾಟಕದ ಅನುಭವ: ಬಳ್ಳಾರಿಯಿಂದ ಛತ್ತೀಸ್‌ಗಢದವರೆಗೆ

ಬೆಂಗಳೂರಿನ ನಿಮ್ಹಾನ್ಸ್‌ಗೆ ಈ ವಿಷಯದಲ್ಲಿ ದೀರ್ಘ ಇತಿಹಾಸವಿದೆ. ಅದರ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಗಿ, ಮರುವರ್ಷವೇ ಆಸ್ಪತ್ರೆಯೊಳಗೆ ಮನಶ್ಶಾಸ್ತ್ರಜ್ಞರಿಗೆ ತರಬೇತಿ ಶುರುಮಾಡಿತು. ಆ ಸಂಸ್ಥೆ ಮತ್ತು ಮಾನಸಿಕ ಆಸ್ಪತ್ರೆ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು.

1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಿ, ಮಾನಸಿಕ ಕಾಯಿಲೆಗೆ ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಸಿಗುವಂತೆ ಮಾಡುವುದು ಅದರ ಉದ್ದೇಶ. ಇದೇ ‘ಬಳ್ಳಾರಿ ಮಾದರಿ’. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಮಾದರಿಯೇ ಆಧಾರ. ತರಬೇತಿ ಮುಗಿಸಿ ಊರಿಗೆ ಮರಳಿದವರಿಗೆ ನಂತರವೂ ಬೆನ್ನಿಗೆ ಯಾರಾದರೂ ಇರಬೇಕು ಎಂಬುದು ಇಂಥ ಕಾರ್ಯಕ್ರಮಗಳ ದೊಡ್ಡ ಪಾಠ.

ಆ ಬೆಂಬಲವನ್ನು ಈಗ ಅಂತರ್ಜಾಲ ನೀಡುತ್ತಿದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ‘ಎಕೋ’ ಎಂಬ ಯೋಜನೆ ಆರಂಭಿಸಿದರು. ತಜ್ಞರ ತಂಡ ಒಂದು ಕಡೆ, ಹಳ್ಳಿಯ ವೈದ್ಯರು ಹಲವು ಕಡೆ. ವಿಡಿಯೋದಲ್ಲಿ ಎಲ್ಲರೂ ಸೇರಿ ನಿಜವಾದ ಪ್ರಕರಣಗಳನ್ನೇ ಚರ್ಚಿಸುತ್ತಾರೆ. ನಿಮ್ಹಾನ್ಸ್ ಇದೇ ಮಾದರಿಯಲ್ಲಿ ತನ್ನ ಜಾಲವನ್ನು ಕಟ್ಟಿ, ಛತ್ತೀಸ್‌ಗಢ ಸೇರಿದಂತೆ ಬೇರೆ ರಾಜ್ಯಗಳ ವೈದ್ಯರು ಮತ್ತು ಸಮಾಲೋಚಕರಿಗೆ ಮಾರ್ಗದರ್ಶನ ನೀಡಿದೆ.

ಇದರ ಅಗತ್ಯ ಎಷ್ಟಿದೆ ಎಂಬುದನ್ನು ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತೋರಿಸಿದೆ. ಅದರ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯ ಸ್ವರೂಪಕ್ಕೆ ಅನುಗುಣವಾಗಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ತಲುಪಿರಲಿಲ್ಲ. ಇಷ್ಟು ದೊಡ್ಡ ಅಂತರ ತುಂಬಲು ಹೊಸಬರು ಬೇಕು. ಅವರಿಗೆ ಕಲಿಸಬೇಕಾದ ಹಿರಿಯರು ಮಾತ್ರ ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇದ್ದಾರೆ.

ಭಾರತದಲ್ಲಿ ಕಾನೂನು ಏನು ಹೇಳುತ್ತದೆ?

ಮನಶ್ಶಾಸ್ತ್ರ ಓದಿದವರೆಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ. ಈ ಗೊಂದಲ ಸಾಮಾನ್ಯವಾದ್ದರಿಂದ ಸ್ವಲ್ಪ ಬಿಡಿಸಿ ನೋಡೋಣ.

* 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯ ಅಡಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಕೇಂದ್ರೀಯ ಪುನರ್ವಸತಿ ನೋಂದಣಿ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ 1 ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.
* 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂದು ಅದು ವ್ಯಾಖ್ಯಾನಿಸುತ್ತದೆ. ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್ ದಾರಿಯನ್ನು ಹೇಳುವಾಗ ‘ಮೇಲ್ವಿಚಾರಣೆಯಲ್ಲಿ ನಡೆದ ಕ್ಲಿನಿಕಲ್ ತರಬೇತಿ’ ಅದರಲ್ಲಿ ಸೇರಿರಬೇಕು ಎನ್ನುತ್ತದೆ. ಅಂದರೆ ಸೂಪರ್‌ವಿಷನ್ ಎಂಬುದು ಒಳ್ಳೆಯ ಅಭ್ಯಾಸ ಮಾತ್ರವಲ್ಲ, ಅರ್ಹತೆಯ ಭಾಗ.
* ಯುಜಿಸಿ 2022ರ ನಿಯಮಗಳಲ್ಲಿ ಎಂ.ಫಿಲ್ ಪದವಿಯನ್ನು ಕೈಬಿಟ್ಟಿತು. ಆದರೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎಂ.ಫಿಲ್‌ಗಳಿಗೆ 2025-26ರವರೆಗೆ ವಿನಾಯಿತಿ ನೀಡಿತು. ಹೊಸದಾಗಿ ಸೇರುವವರು ಯಾವ ಕೋರ್ಸ್‌ಗೆ ಮಾನ್ಯತೆ ಇದೆ ಎಂದು ಪುನರ್ವಸತಿ ಮಂಡಳಿಯ ಇತ್ತೀಚಿನ ಪಟ್ಟಿಯಲ್ಲೇ ನೋಡಿಕೊಳ್ಳಬೇಕು.
* 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗ ಕಾಯ್ದೆ, ವರ್ತನಾ ಆರೋಗ್ಯ ಕ್ಷೇತ್ರದ ಸಮಾಲೋಚಕರು ಮತ್ತು ಸಮಾಜ ಕಾರ್ಯಕರ್ತರಂಥ ಇತರ ವೃತ್ತಿಗಳನ್ನು ನಿಯಂತ್ರಣದ ವ್ಯಾಪ್ತಿಗೆ ತಂದಿದೆ.

ಇಲ್ಲಿ ಒಂದು ಎಚ್ಚರಿಕೆ. ಆನ್‌ಲೈನ್ ಕೋರ್ಸ್ ಮುಗಿಸಿ, ಜತೆಗೆ ಹಣ ಕೊಟ್ಟು ಕೆಲವು ಗಂಟೆಗಳ ವಿಡಿಯೋ ಸೂಪರ್‌ವಿಷನ್ ಪಡೆದರೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಪ್ರಮಾಣಪತ್ರದಲ್ಲಿ ‘ಕ್ಲಿನಿಕಲ್’ ಎಂಬ ಪದ ಇದ್ದ ಮಾತ್ರಕ್ಕೆ ಕಾನೂನಿನ ಅರ್ಹತೆ ಬರುವುದಿಲ್ಲ.

ದೂರದ ಮೇಲ್ವಿಚಾರಣೆ ಹೇಗೆ ನಡೆಯುತ್ತದೆ?

ಮುಖ್ಯವಾಗಿ ಐದು ಬಗೆಗಳಿವೆ.

1. ನಿಗದಿತ ವಿಡಿಯೋ ಭೇಟಿ: ವಾರಕ್ಕೊಮ್ಮೆ ಸುಮಾರು ಒಂದು ಗಂಟೆ. ಟ್ರೈನಿ ಪ್ರಕರಣ ವಿವರಿಸುತ್ತಾರೆ, ಮೇಲ್ವಿಚಾರಕರು ಪ್ರಶ್ನಿಸುತ್ತಾರೆ.
2. ರೆಕಾರ್ಡಿಂಗ್ ಪರಿಶೀಲನೆ: ಚಿಕಿತ್ಸೆಗೆ ಬಂದವರ ಒಪ್ಪಿಗೆ ಪಡೆದು ಧ್ವನಿ ಅಥವಾ ವಿಡಿಯೋ ದಾಖಲಿಸಿ, ಅದರ ಭಾಗಗಳನ್ನು ಇಬ್ಬರೂ ಸೇರಿ ಕೇಳುವುದು.
3. ನೇರ ವೀಕ್ಷಣೆ: ಸೆಷನ್ ನಡೆಯುವಾಗಲೇ ಮೇಲ್ವಿಚಾರಕರು ಕ್ಯಾಮೆರಾ ಆಫ್ ಮಾಡಿ ಜತೆಗಿರುವುದು. ಹಿಂದೆ ಕುಟುಂಬ ಚಿಕಿತ್ಸೆಯ ತರಬೇತಿಯಲ್ಲಿ ಒಂದು ಬದಿಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಹಿರಿಯರು ಕೂರುತ್ತಿದ್ದರು. ಇದು ಅದರ ಇಂದಿನ ರೂಪ. ಹೀಗೆ ಕೂರುವ ಮೊದಲು ಚಿಕಿತ್ಸೆಗೆ ಬಂದವರಿಗೆ ತಿಳಿಸಿ ಒಪ್ಪಿಗೆ ಪಡೆಯಲೇಬೇಕು.
4. ಗುಂಪು ಸೂಪರ್‌ವಿಷನ್: ಮೂರ್ನಾಲ್ಕು ಟ್ರೈನಿಗಳು ಒಟ್ಟಿಗೆ. ಒಬ್ಬರ ಪ್ರಕರಣದಿಂದ ಎಲ್ಲರೂ ಕಲಿಯುತ್ತಾರೆ.
5. ಬರಹದ ಮೂಲಕ: ಕೇಸ್ ನೋಟ್ಸ್ ಮೇಲೆ ಟಿಪ್ಪಣಿ. ಇದು ಉಳಿದವುಗಳಿಗೆ ಪೂರಕವೇ ಹೊರತು ಬದಲಿ ಅಲ್ಲ.

ಬಹಳ ಕಡೆ ನಡೆಯುವುದು ಮೊದಲನೆಯದು ಮಾತ್ರ. ತೊಂದರೆ ಶುರುವಾಗುವುದೂ ಅಲ್ಲೇ.

ಟ್ರೈನಿ ಹೇಳಿದ್ದಷ್ಟೇ ಸಾಕೇ?

ಟ್ರೈನಿ ತಾನು ಗಮನಿಸಿದ್ದನ್ನು ಮಾತ್ರ ಹೇಳಬಲ್ಲರು. ಗಮನಕ್ಕೇ ಬಾರದ್ದು ವರದಿಗೂ ಬರುವುದಿಲ್ಲ. ಇನ್ನು ಗಮನಕ್ಕೆ ಬಂದರೂ ಹೇಳದಿರುವುದುಂಟು. ಅಮೆರಿಕದಲ್ಲಿ ನಿಕೊಲಸ್ ಲಡಾನಿ ಮತ್ತು ಸಹೋದ್ಯೋಗಿಗಳು 108 ಟ್ರೈನಿಗಳನ್ನು ಕೇಳಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೇಲ್ವಿಚಾರಕರಿಂದ ಏನಾದರೊಂದನ್ನು ಮುಚ್ಚಿಟ್ಟದ್ದಾಗಿ ಒಪ್ಪಿಕೊಂಡಿದ್ದರು. ಇದು ಎದುರುಬದುರು ಕುಳಿತು ಮಾತನಾಡುತ್ತಿದ್ದ ಕಾಲದ ಮಾತು.

ಇದರಲ್ಲಿ ಅಪ್ರಾಮಾಣಿಕತೆಗಿಂತ ಭಯವೇ ಹೆಚ್ಚು. ಅಂಕ ಕೊಡುವವರೂ ಅವರೇ, ಶಿಫಾರಸು ಪತ್ರ ಬರೆಯುವವರೂ ಅವರೇ. ಹೀಗಿರುವಾಗ ‘ನನಗೆ ಏನು ಹೇಳಬೇಕೋ ತೋಚಲಿಲ್ಲ’ ಎನ್ನಲು ಧೈರ್ಯ ಬೇಕು. ನಮ್ಮಲ್ಲಿ ಗುರುಗಳ ಮಾತಿಗೆ ಎದುರಾಡಬಾರದು ಎಂಬ ಸಂಸ್ಕಾರವೂ ಸೇರಿ ಟ್ರೈನಿ ಮತ್ತಷ್ಟು ಮೌನವಾಗಬಹುದು. ಒಂದೇ ಆಸ್ಪತ್ರೆಯಲ್ಲಿದ್ದರೆ ಟ್ರೈನಿಯ ಸಪ್ಪೆ ಮುಖವನ್ನು ಕಾರಿಡಾರಿನಲ್ಲಿ ನೋಡಿ ‘ಏನಾಯಿತು?’ ಎಂದು ಕೇಳುವವರು ಸಿಗುತ್ತಾರೆ. ವಾರಕ್ಕೊಂದು ಗಂಟೆಯ ಕರೆಯಲ್ಲಿ ಆ ಅವಕಾಶ ಇರುವುದಿಲ್ಲ.

ಇದಕ್ಕೆ ಪರಿಹಾರ ನಿಜವಾದ ಸೆಷನ್ನಿನ ತುಣುಕನ್ನು ಕೇಳುವುದು. ಗೋವಾದಲ್ಲಿ ‘ಸಂಗಾತ್’ ಸಂಸ್ಥೆ ಈ ದಾರಿಯನ್ನು ತೋರಿಸಿದೆ. ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ನೀಡಿ, ಖಿನ್ನತೆ ಇರುವವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಮಾಲೋಚನೆ ಒದಗಿಸಲಾಯಿತು. ಈ ಸಮಾಲೋಚಕರು ತಮ್ಮ ಸೆಷನ್ನುಗಳ ಧ್ವನಿಮುದ್ರಣವನ್ನು ಗುಂಪಿನಲ್ಲಿ ಕೇಳಿ, ನಿಗದಿತ ಮಾಪಕದಲ್ಲಿ ಪರಸ್ಪರ ಅಂಕ ಕೊಡುತ್ತಿದ್ದರು. ಈ ಚಿಕಿತ್ಸೆ ಪರಿಣಾಮಕಾರಿ ಎಂಬ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಜ್ಞರು ಸದಾ ಪಕ್ಕದಲ್ಲಿ ಇರಲಾಗದ ಕಡೆಯೂ ಗುಣಮಟ್ಟ ಕಾಯಲು ಸಾಧ್ಯ, ಆದರೆ ನಡೆದ ಮಾತನ್ನೇ ಕೇಳುವ ಪದ್ಧತಿ ಇರಬೇಕು ಎಂಬುದನ್ನು ಗೋವಾದ ಅನುಭವ ಹೇಳುತ್ತದೆ.

ವಿಡಿಯೋ ಮೂಲಕ ನಡೆಯುವ ಮೇಲ್ವಿಚಾರಣೆಯ ಬಗ್ಗೆ ಬಂದಿರುವ ಅಧ್ಯಯನಗಳು ಬಹುತೇಕ ಸಣ್ಣವು. ಟ್ರೈನಿಗಳ ತೃಪ್ತಿ ಮತ್ತು ಮೇಲ್ವಿಚಾರಕರೊಂದಿಗಿನ ಬಾಂಧವ್ಯದಲ್ಲಿ ನೇರ ಭೇಟಿಗೂ ವಿಡಿಯೋಗೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂದು ಅವು ಸಾಮಾನ್ಯವಾಗಿ ಹೇಳುತ್ತವೆ. ಆದರೆ ಟ್ರೈನಿಗೆ ತೃಪ್ತಿಯಾದ ಮಾತ್ರಕ್ಕೆ ಚಿಕಿತ್ಸೆಗೆ ಬಂದವರು ಸುರಕ್ಷಿತ ಎಂದು ಹೇಳಲಾಗದು.

ಅಮೆರಿಕದಲ್ಲಿಯೂ ಈ ಎಚ್ಚರ ಇತ್ತು. ಅಲ್ಲಿನ ಮನಶ್ಶಾಸ್ತ್ರ ಸಂಘದ ಮಾನ್ಯತಾ ನಿಯಮಗಳ ಪ್ರಕಾರ ಕೋವಿಡ್‌ಗೆ ಮುನ್ನ ಇಂಟರ್ನ್‌ಗಳ ಕಡ್ಡಾಯ ವೈಯಕ್ತಿಕ ಸೂಪರ್‌ವಿಷನ್‌ನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ದೂರದಿಂದ ನಡೆಸುವಂತಿರಲಿಲ್ಲ.

ಹೊರನಾಡ ಕನ್ನಡಿಗರಿಗೆ ಇದೇಕೆ ಮುಖ್ಯ?

ದೂರದ ಮೇಲ್ವಿಚಾರಣೆಯ ದೊಡ್ಡ ಲಾಭ ಭಾಷೆಯದು. ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ದುಡಿಯಲು ಹೋದ ಕಲಬುರಗಿ, ವಿಜಯಪುರ ಕಡೆಯವರಿದ್ದಾರೆ. ಮಕ್ಕಳ ಮನೆಗೆಂದು ದೆಹಲಿ, ಚೆನ್ನೈಗೆ ಹೋಗಿ ನೆಲೆಸಿದ ವಯಸ್ಸಾದ ತಂದೆತಾಯಿ ಇದ್ದಾರೆ. ಇವರಲ್ಲಿ ಹಲವರಿಗೆ ಮನಸ್ಸಿನ ಮಾತು ಬರುವುದು ಕನ್ನಡದಲ್ಲಿ ಮಾತ್ರ. ಅದೃಷ್ಟಕ್ಕೆ ಕನ್ನಡ ಬಲ್ಲ ಟ್ರೈನಿ ಸಿಕ್ಕರೂ ಆ ಆಸ್ಪತ್ರೆಯ ಮೇಲ್ವಿಚಾರಕರಿಗೆ ಕನ್ನಡ ಬಾರದಿದ್ದರೆ? ಪ್ರಕರಣ ಇಂಗ್ಲಿಷ್‌ಗೋ ಹಿಂದಿಗೋ ಅನುವಾದವಾಗಿ ಅವರ ಮುಂದೆ ಬರುತ್ತದೆ.

ಅನುವಾದದಲ್ಲಿ ಏನೆಲ್ಲ ಕಳೆದುಹೋಗಬಹುದು ನೋಡಿ. ‘ಸಂಕಟ ಆಗ್ತದೆ’ ಎಂದರೆ ಹೊಟ್ಟೆಯ ತೊಳಸುವಿಕೆಯೂ ಆಗಬಹುದು, ಮನಸ್ಸಿನ ವೇದನೆಯೂ ಆಗಬಹುದು. ‘ಗಾಳಿ ಸೋಕಿದೆ’ ಎಂಬುದನ್ನು ಭ್ರಮೆಯ ಲಕ್ಷಣವೆಂದು ಬರೆದುಕೊಂಡರೆ ಒಂದು ನಂಬಿಕೆಯನ್ನೇ ಕಾಯಿಲೆ ಮಾಡಿದಂತಾಗುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ‘ಸಾಕಾಗಿ ಹೋಗಿದೆ’ ಎಂಬ ಮಾತು. ಉತ್ತರ ಕರ್ನಾಟಕದವರ ಬಾಯಲ್ಲಿ ಅದು ‘ಸಾಕಾಗೇತಿ’. ದಿನದ ಕೆಲಸ ಮುಗಿಸಿದ ದಣಿವಿಗೂ ಇದೇ ಮಾತು, ಬದುಕೇ ಬೇಡ ಎನಿಸಿದಾಗಲೂ ಇದೇ ಮಾತು. ‘ದಣಿವು ಎಂದು ಹೇಳುತ್ತಾರೆ’ ಎಂದು ಟ್ರೈನಿ ಅನುವಾದಿಸಿಬಿಟ್ಟರೆ ಮೇಲ್ವಿಚಾರಕರಿಗೆ ಅನುಮಾನವೇ ಬರುವುದಿಲ್ಲ. ಕನ್ನಡ ಬಲ್ಲವರು ರೆಕಾರ್ಡಿಂಗ್ ಕೇಳಿದರೆ ದನಿ ಇಳಿದ ರೀತಿಯನ್ನು ಗಮನಿಸಿ, ‘ಯಾವುದು ಸಾಕಾಗಿದೆ ಎಂದು ಕೇಳಿದಿರಾ? ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಿದಿರಾ?’ ಎಂದು ವಿಚಾರಿಸುತ್ತಾರೆ. ಹಾಗೆ ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ಕಲ್ಪನೆ.

ಬೆಂಗಳೂರು, ಧಾರವಾಡ, ಮಂಗಳೂರುಗಳಲ್ಲಿರುವ ಕನ್ನಡ ಬಲ್ಲ ಮೇಲ್ವಿಚಾರಕರು ಬೇರೆ ರಾಜ್ಯದ ಟ್ರೈನಿಗೆ ಸಿಗುವಂತೆ ಮಾಡುವುದು ದೂರದ ವ್ಯವಸ್ಥೆಯಿಂದ ಮಾತ್ರ ಸಾಧ್ಯ.

ದೂರದಿಂದ ಆಗದ ಕೆಲಸಗಳು

ಮಾತಿನ ಚಿಕಿತ್ಸೆ ಕ್ಲಿನಿಕಲ್ ಸೈಕಾಲಜಿಯ ಒಂದು ಭಾಗ ಮಾತ್ರ. ಬುದ್ಧಿಮತ್ತೆ, ನೆನಪು, ವ್ಯಕ್ತಿತ್ವದ ಪರೀಕ್ಷೆಗಳೂ ಇವೆ. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಹೊಂದಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ಎಂದು ಅದು ಇಂದಿಗೂ ಪರಿಚಿತ. ಇಂಥ ಪರೀಕ್ಷೆಯಲ್ಲಿ ಅಂಕವಷ್ಟೇ ಮುಖ್ಯವಲ್ಲ. ಮಗು ಪ್ರಶ್ನೆ ಅರ್ಥವಾಗದೆ ಸುಮ್ಮನಾಯಿತೇ, ಹೆದರಿ ಸುಮ್ಮನಾಯಿತೇ, ಟ್ರೈನಿ ಗೊತ್ತಿಲ್ಲದೆ ಸುಳಿವು ಕೊಟ್ಟರೇ ಎಂಬುದನ್ನು ಕೋಣೆಯಲ್ಲಿ ಕುಳಿತು ನೋಡಬೇಕು. ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಪರೀಕ್ಷಾ ರಿಯಾಯಿತಿ ಇಂಥ ವರದಿಯನ್ನೇ ಅವಲಂಬಿಸಿರಬಹುದು. ಹಾಗಾಗಿ ತಪ್ಪಿಗೆ ತೆರಬೇಕಾದ ಬೆಲೆ ದೊಡ್ಡದು.

ವಾರ್ಡಿನಲ್ಲಿ ದಾಖಲಾದ ರೋಗಿಗಳು, ತೀವ್ರ ಉದ್ವೇಗದಲ್ಲಿರುವವರು, ಮಾದಕ ವ್ಯಸನದಿಂದ ಹೊರಬರುವ ಹಂತದಲ್ಲಿರುವವರನ್ನು ನೋಡುವಾಗಲೂ ಹಿರಿಯರು ಸ್ಥಳದಲ್ಲೇ ಇರಬೇಕು. ಮೊದಲ ತಿಂಗಳುಗಳ ಹೊಸ ಟ್ರೈನಿಗೂ ಅದೇ ಸೂಕ್ತ. ಅನುಭವ ಬಂದಂತೆ ದೂರದ ಪಾಲನ್ನು ಹೆಚ್ಚಿಸಬಹುದು.

ತುರ್ತು ಬಂದರೆ ಹೊಣೆ ಯಾರದು?

ಚಿಕಿತ್ಸೆಗೆ ಬಂದವರು ಚೆನ್ನೈನಲ್ಲಿ, ಟ್ರೈನಿ ಹೈದರಾಬಾದಿನಲ್ಲಿ, ಮೇಲ್ವಿಚಾರಕರು ಬೆಂಗಳೂರಿನಲ್ಲಿ ಇರಬಹುದು. ಸಂಜೆ ಆರಕ್ಕೆ ನಡೆಯುವ ಸೆಷನ್ನಿನಲ್ಲಿ ಅವರು ಮಾತ್ರೆಗಳನ್ನು ಕೂಡಿಟ್ಟುಕೊಂಡಿರುವುದಾಗಿ ಹೇಳಿದರೆ ಮುಂದೇನು? ಇದಕ್ಕೆ ಉತ್ತರ ಮೊದಲೇ ಬರೆದಿಟ್ಟಿರಬೇಕು.

* ಪ್ರತಿ ಸೆಷನ್ನಿನ ಆರಂಭದಲ್ಲಿ ಚಿಕಿತ್ಸೆಗೆ ಬಂದವರು ಆ ಹೊತ್ತಿಗೆ ಎಲ್ಲಿದ್ದಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಮನೆಯವರೊಬ್ಬರ ಫೋನ್ ಸಂಖ್ಯೆಯೂ ಇರಬೇಕು.
* ಟ್ರೈನಿ ಕೆಲಸ ಮಾಡುವ ಸ್ಥಳದಲ್ಲೇ ಒಬ್ಬ ಹಿರಿಯ ತಜ್ಞರು ಹೊಣೆ ಹೊತ್ತಿರಬೇಕು. ದೂರದ ಮೇಲ್ವಿಚಾರಕರು ಅವರ ಜಾಗ ತುಂಬಲಾರರು.
* ಮೇಲ್ವಿಚಾರಕರು ಫೋನಿಗೆ ಸಿಗದಿದ್ದರೆ ಎರಡನೆಯದಾಗಿ ಯಾರಿಗೆ ಕರೆ ಮಾಡಬೇಕು ಎಂಬುದು ನಿರ್ಧಾರವಾಗಿರಬೇಕು.
* ಸಮೀಪದ ಆಸ್ಪತ್ರೆಯ ವಿವರ ಕೈಯಲ್ಲಿರಬೇಕು. ತುರ್ತು ಸಹಾಯಕ್ಕೆ 112, ಮಾನಸಿಕ ಆರೋಗ್ಯ ನೆರವಿಗೆ ಟೆಲಿ ಮಾನಸ್‌ನ 14416 ಇದ್ದೇ ಇವೆ.

ಟೆಲಿ ಮಾನಸ್ ವ್ಯವಸ್ಥೆಯೂ ಇಲ್ಲಿ ಉದಾಹರಣೆಯಾಗಬಲ್ಲದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕರೆ ಮೊದಲು ತರಬೇತಿ ಪಡೆದ ಸಮಾಲೋಚಕರಿಗೆ ಹೋಗುತ್ತದೆ. ಅಗತ್ಯ ಬಿದ್ದರೆ ತಜ್ಞರಿಗೆ, ಅಲ್ಲಿಂದ ನೇರ ಚಿಕಿತ್ಸೆ ಸಿಗುವ ಕೇಂದ್ರಕ್ಕೆ ಸಾಗಿಸುವ ಹಂತಗಳಿವೆ.

ಕಾನೂನಿನ ಎರಡು ಅಂಶಗಳು ಟ್ರೈನಿಗೆ ಗೊತ್ತಿರಲೇಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಭಾವಿಸುತ್ತದೆ. ಅವರನ್ನು ಅಪರಾಧಿಯಂತೆ ಕಾಣುವಂತಿಲ್ಲ. ಇನ್ನು, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಮುಂದಿನ ವಾರದ ಸೂಪರ್‌ವಿಷನ್‌ನಲ್ಲಿ ಕೇಳೋಣ’ ಎಂದು ಕಾಯುವ ವಿಷಯಗಳಲ್ಲ ಇವು.

ಗೋಪ್ಯತೆ: ವಾಟ್ಸ್‌ಆ್ಯಪ್‌ನಲ್ಲಿ ಕೇಸ್ ನೋಟ್ಸ್ ಬೇಡ

ಅದೇ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕು ನೀಡಿದೆ. ಜೀವಕ್ಕೆ ಅಪಾಯ ತಡೆಯುವಂಥ ಕೆಲವೇ ಸಂದರ್ಭಗಳಲ್ಲಿ, ಅದಕ್ಕೆ ಬೇಕಾದಷ್ಟು ಮಾಹಿತಿಯನ್ನು ಮಾತ್ರ ಹಂಚಿಕೊಳ್ಳಬಹುದು. 24ನೇ ಸೆಕ್ಷನ್ ಈ ಹಕ್ಕನ್ನು ಡಿಜಿಟಲ್ ರೂಪದ ಮಾಹಿತಿಗೂ ವಿಸ್ತರಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದಕ್ಕೆ ಸೇರಿಕೊಂಡಿದೆ. ಟೆಲಿ-ಮನೋಚಿಕಿತ್ಸೆ ಹೇಗೆ ನಡೆಯಬೇಕು ಎಂಬ ಬಗ್ಗೆ ನಿಮ್ಹಾನ್ಸ್ 2020ರಲ್ಲಿ ಮಾರ್ಗಸೂಚಿ ಹೊರತಂದಿದೆ.

ದಿನನಿತ್ಯದ ಕೆಲಸದಲ್ಲಿ ಇದರರ್ಥ ಇಷ್ಟು: ಹೆಸರು, ಊರು, ಕಚೇರಿಯ ವಿವರ ತೆಗೆದು ಪ್ರಕರಣ ಹೇಳುವುದು. ರೆಕಾರ್ಡಿಂಗ್ ಅನ್ನು ವೈಯಕ್ತಿಕ ಫೋನಿನಲ್ಲಿ ಇಟ್ಟುಕೊಳ್ಳದಿರುವುದು, ಪರಿಶೀಲನೆ ಮುಗಿದ ಮೇಲೆ ನಿಗದಿತ ದಿನದೊಳಗೆ ಅಳಿಸುವುದು. ಪಿಜಿಯಲ್ಲಿ ರೂಮ್‌ಮೇಟ್ ಪಕ್ಕದಲ್ಲಿರುವಾಗ ಸೂಪರ್‌ವಿಷನ್ ಕರೆ ಮಾಡದಿರುವುದು. ಹೆಡ್‌ಫೋನ್ ಹಾಕಿದರೆ ಎದುರಿನವರ ಮಾತು ಕೇಳಿಸದು, ಆದರೆ ನಿಮ್ಮ ಮಾತು ಪಕ್ಕದವರಿಗೆ ಕೇಳಿಸುತ್ತದೆ. ಹೊರನಾಡ ಕನ್ನಡಿಗರ ವಲಯ ಚಿಕ್ಕದು. ಊರು ಮತ್ತು ಮನೆತನದ ಸುಳಿವು ಸಿಕ್ಕರೆ ಸಾಕು, ಯಾರೆಂದು ಗೊತ್ತಾಗಿಬಿಡಬಹುದು.

ಒಪ್ಪಿಗೆಯೂ ಹೆಸರಿಗಷ್ಟೇ ಇರಬಾರದು. ರೆಕಾರ್ಡಿಂಗ್ ಬೇಡ ಎಂದರೂ ಚಿಕಿತ್ಸೆ ಮುಂದುವರಿಯುತ್ತದೆ ಎಂದು ಸ್ಪಷ್ಟವಾಗಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು.

ಟ್ರೈನಿ ಮೊದಲೇ ಬರೆಸಿಕೊಳ್ಳಬೇಕಾದದ್ದು

ದೂರದ ಮೇಲ್ವಿಚಾರಣೆ ಆರಂಭಿಸುವ ಮುನ್ನ ಒಂದು ಲಿಖಿತ ಒಪ್ಪಂದ ಇರಲಿ. ಅದರಲ್ಲಿ ಇರಬೇಕಾದ ಅಂಶಗಳು:

* ಮೇಲ್ವಿಚಾರಕರ ನೋಂದಣಿ ಸಂಖ್ಯೆ ಮತ್ತು ಅವರ ಅನುಭವದ ಕ್ಷೇತ್ರ.
* ವಾರಕ್ಕೆ ಎಷ್ಟು ಗಂಟೆ, ಅದರಲ್ಲಿ ಎಷ್ಟು ವೈಯಕ್ತಿಕ, ಎಷ್ಟು ಗುಂಪಿನಲ್ಲಿ, ಎಷ್ಟು ನೇರ ಭೇಟಿ.
* ತಿಂಗಳಿಗೆ ಎಷ್ಟು ಸೆಷನ್ನುಗಳ ರೆಕಾರ್ಡಿಂಗ್ ಕೇಳಲಾಗುತ್ತದೆ.
* ತುರ್ತು ಸಂದರ್ಭದ ಕ್ರಮ ಮತ್ತು ಸ್ಥಳೀಯ ಹೊಣೆಗಾರರ ಹೆಸರು.
* ಸ್ಥಳೀಯ ತಜ್ಞರು ಮತ್ತು ದೂರದ ಮೇಲ್ವಿಚಾರಕರ ಅಭಿಪ್ರಾಯ ಬೇರೆಯಾದರೆ ಯಾರ ಮಾತು ಅಂತಿಮ.
* ಶುಲ್ಕ ಇದ್ದರೆ ಎಷ್ಟು, ಮೌಲ್ಯಮಾಪನ ಹೇಗೆ, ದೂರು ಇದ್ದರೆ ಯಾರ ಬಳಿ ಹೇಳಬೇಕು.
* ನಿಮ್ಮ ಸಂಸ್ಥೆ ಈ ಗಂಟೆಗಳನ್ನು ತರಬೇತಿಯ ಲೆಕ್ಕಕ್ಕೆ ಸೇರಿಸುತ್ತದೆಯೇ ಎಂಬ ಲಿಖಿತ ದೃಢೀಕರಣ.

ಓದುಗರ ಪ್ರಶ್ನೆಗಳು

ನನ್ನನ್ನು ನೋಡುತ್ತಿರುವವರು ಟ್ರೈನಿ ಎಂದು ತಿಳಿಯುವುದು ಹೇಗೆ?
ನೇರವಾಗಿ ಕೇಳಿ. ‘ನಿಮ್ಮ ಅರ್ಹತೆ ಏನು? ನಿಮ್ಮ ಮೇಲ್ವಿಚಾರಕರು ಯಾರು? ನನ್ನ ವಿಷಯವನ್ನು ಅವರೊಂದಿಗೆ ಚರ್ಚಿಸುತ್ತೀರಾ?’ ಎಂದು ಕೇಳುವುದು ಅಗೌರವವಲ್ಲ. ಸರಿಯಾದ ತರಬೇತಿಯಲ್ಲಿರುವವರು ಸಂಕೋಚವಿಲ್ಲದೆ ಉತ್ತರಿಸುತ್ತಾರೆ.

ಟ್ರೈನಿ ಎಂದರೆ ಬೇರೆಯವರನ್ನು ಹುಡುಕಬೇಕೇ?
ಹಾಗೇನೂ ಇಲ್ಲ. ಒಳ್ಳೆಯ ಮೇಲ್ವಿಚಾರಣೆಯಲ್ಲಿರುವ ಟ್ರೈನಿಯ ಕೆಲಸವನ್ನು ಎರಡು ಜೋಡಿ ಕಣ್ಣು ನೋಡುತ್ತಿರುತ್ತವೆ. ಚಿಂತಿಸಬೇಕಾದದ್ದು ಮೇಲ್ವಿಚಾರಕರೇ ಇಲ್ಲದವರ ಬಗ್ಗೆ.

ತರಬೇತಿ ಮುಗಿದ ಮೇಲೆ ಸೂಪರ್‌ವಿಷನ್ ಬೇಡವೇ?
ಬೇಕು. ಬ್ರಿಟನ್ನಿನ ಸಮಾಲೋಚಕರ ಸಂಘವಾದ ಬಿಎಸಿಪಿ, ತನ್ನಿಂದ ಮಾನ್ಯತೆ ಪಡೆದ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಕಡ್ಡಾಯ ಮಾಡಿದೆ. ಸಣ್ಣ ಊರಿನಲ್ಲಿ ಒಬ್ಬರೇ ಕೆಲಸ ಮಾಡುವ ವೃತ್ತಿಪರರಿಗೆ ದೂರದ ವ್ಯವಸ್ಥೆ ಹೆಚ್ಚು ಉಪಯೋಗಕ್ಕೆ ಬರುವುದೂ ಈ ಹಂತದಲ್ಲೇ.

ಮೇಲ್ವಿಚಾರಕರು ಬೇರೆ ಊರಿನಲ್ಲಿದ್ದಾರೆ ಎಂಬುದು ತನ್ನಷ್ಟಕ್ಕೆ ಕೊರತೆಯಲ್ಲ. ಅವರು ಸೆಷನ್ನಿನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾರೆಯೇ, ಟ್ರೈನಿ ಹೆದರದೆ ತಪ್ಪು ಹೇಳಿಕೊಳ್ಳಬಲ್ಲರೇ, ಅಪಾಯದ ಹೊತ್ತಿನಲ್ಲಿ ಬಾಗಿಲು ತಟ್ಟಲು ಸ್ಥಳದಲ್ಲಿ ಒಬ್ಬರಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರ ಸಿಕ್ಕರೆ ಆ ವ್ಯವಸ್ಥೆಯನ್ನು ನಂಬಬಹುದು. ಒಂದಕ್ಕೆ ‘ಇಲ್ಲ’ ಎಂದಾದರೂ ಅದನ್ನು ಸರಿಪಡಿಸಿಕೊಂಡ ಮೇಲೆಯೇ ಮುಂದುವರಿಯುವುದು ಒಳ್ಳೆಯದು.

(ನಿಮಗೆ ಅಥವಾ ನಿಮ್ಮವರಿಗೆ ಮಾನಸಿಕ ನೆರವು ಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಅಥವಾ 1800-891-4416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ. ಕನ್ನಡದಲ್ಲೂ ಮಾತನಾಡಬಹುದು.)